ಹತ್ತು ಜೊತೆ ಬಟ್ಟೆಯ ಅಂತರ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ವಿಭಾಗದ ಶಿಫ್ಟ್ ಇನ್‌ಚಾರ್ಜ್. ಮನೆ ಕುಳಾಯಿಯಲ್ಲಿ. ಕೆಲಸಕ್ಕೆ ಕಡು ನೀಲಿ ಪ್ಯಾಂಟು, ತಿಳಿ ನೀಲಿ ಶರ್ಟು, ಜೇಬಿನ ಮೇಲೆ ಕಂಪನಿಯ ಲೋಗೋ. ಪಂಪು, ಬೇರಿಂಗ್, ಗೇರ್‌ಬಾಕ್ಸ್ ಅಂತ ದಿನವಿಡೀ ಗ್ರೀಸಿನ ಜೊತೆಗೇ ಇರುವವರು ನಾವು. ಸಂಜೆ ಮನೆ ಮುಟ್ಟುವಾಗ ಶರ್ಟಿನ ತೋಳು ಕಪ್ಪಾಗಿರುತ್ತದೆ. ಕಾಲರಿನ ಒಳಗಡೆ ಬೆವರು, ಧೂಳು, ಎಣ್ಣೆ ಮೂರೂ ಸೇರಿ ಒಂದು ಗೆರೆ ಕೂತಿರುತ್ತದೆ.

ಆ ಗೆರೆಯನ್ನು ಹನ್ನೆರಡು ವರ್ಷ ತಿಕ್ಕಿ ತೆಗೆದದ್ದು ನನ್ನ ಹೆಂಡತಿ. ಮನೆಯಲ್ಲಿ ವಾಷಿಂಗ್ ಮಿಷಿನ್ ಇದೆ. ಆದರೆ ಗ್ರೀಸ್ ಹಿಡಿದ ಬಟ್ಟೆ ಅದಕ್ಕೆ ಹಾಕಿದರೆ ಮಕ್ಕಳ ಶಾಲೆಯ ಬಿಳಿ ಶರ್ಟಿಗೂ ಕಲೆ ಅಂಟುತ್ತದೆ. ಹಾಗಾಗಿ ನನ್ನ ಯೂನಿಫಾರ್ಮ್ ಮಾತ್ರ ಹಿತ್ತಲಿನ ಒಗೆಯುವ ಕಲ್ಲಿಗೆ. ಬಿಸಿನೀರಿನಲ್ಲಿ ನೆನೆಹಾಕಿ, ಬಾರ್ ಸೋಪು ಉಜ್ಜಿ, ಬ್ರಶ್ಶಿನಲ್ಲಿ ತಿಕ್ಕಿ, ಮತ್ತೆ ಕಲ್ಲಿನ ಮೇಲೆ ಕುಸುಬಿ. ಒಂದು ಜೊತೆಗೆ ಕಡಿಮೆಯೆಂದರೆ ಇಪ್ಪತ್ತು ನಿಮಿಷ.

ಈಗ ಹೇಳಹೊರಟಿರುವುದು ತೆರಿಗೆಯ ವಿಷಯ. ಆದರೆ ಆ ಇಪ್ಪತ್ತು ನಿಮಿಷವನ್ನು ಬಿಟ್ಟು ಈ ವಿಷಯ ಹೇಳಲು ನನಗೆ ಆಗುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲೆಲ್ಲ ಕಂಪನಿಯೇ ವರ್ಷಕ್ಕೆ ಬಟ್ಟೆ ಕೊಡುತ್ತಿತ್ತು. ಆಮೇಲೆ ಅದನ್ನು ನಿಲ್ಲಿಸಿ ಸಂಬಳದಲ್ಲೇ ತಿಂಗಳಿಗೆ 2,000 ರೂಪಾಯಿ ಯೂನಿಫಾರ್ಮ್ ಅಲೋವೆನ್ಸ್ ಅಂತ ಸೇರಿಸಿದರು. ಇಂಥ ಬಣ್ಣ, ಇಂಥ ಬಟ್ಟೆ, ನೀವೇ ಹೊಲಿಸಿಕೊಳ್ಳಿ, ಶುಚಿಯಾಗಿ ಇಟ್ಟುಕೊಳ್ಳಿ ಅಂತ ಒಂದು ಪತ್ರ ಕೊಟ್ಟರು. ಆ ಪತ್ರವನ್ನು ಓದಿ ಕಪಾಟಿನಲ್ಲಿಟ್ಟೆ. ಮುಂದೆ ಅದು ಅಷ್ಟು ಕೆಲಸಕ್ಕೆ ಬರುತ್ತದೆ ಅಂತ ಆಗ ಅಂದುಕೊಂಡಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಶಟ್‌ಡೌನ್ ಕೆಲಸ, ಯಂತ್ರ ನಿಲ್ಲಿಸಿ ರಿಪೇರಿ ಮಾಡುವುದು. ಬೆಳಗ್ಗೆ ಆರಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಮನೆ. ಅದೇ ಹೊತ್ತಿಗೆ ಆಫೀಸಿನಿಂದ ಒಂದು ಮೇಲ್ ಬಂದಿತ್ತಂತೆ: ತೆರಿಗೆಗೆ ಹಳೇ ಪದ್ಧತಿ ಬೇಕಾ, ಹೊಸದು ಬೇಕಾ, ತಿಳಿಸಿ ಅಂತ. ಹಳೆಯದರಲ್ಲಿ ಉಳಿತಾಯ, ಸಾಲ, ಭತ್ಯೆ ಅಂತ ಆದಾಯದಿಂದ ಕಳೆಯಲು ಬಹಳ ಇದೆ. ಹೊಸದರಲ್ಲಿ ದರ ಕಡಿಮೆ, ಕಳೆಯುವುದೂ ಕಡಿಮೆ. ನಾನು ನೋಡಲಿಲ್ಲ. ಜೂನ್ ಮೊದಲ ವಾರ ಮೇ ತಿಂಗಳ ಸಂಬಳದ ಚೀಟಿ ತೆರೆದಾಗ ಟಿಡಿಎಸ್, ಅಂದರೆ ಸಂಬಳದಿಂದಲೇ ಹಿಡಿಯುವ ತೆರಿಗೆ, 4,030 ರೂಪಾಯಿ ಎಂದು ಇತ್ತು. ಅಷ್ಟು ಯಾವತ್ತೂ ಹಿಡಿದಿರಲಿಲ್ಲ. ಎಚ್‌ಆರ್‌ಗೆ ಫೋನ್ ಮಾಡಿದೆ.

"ನೀವು ಏನೂ ತಿಳಿಸಲಿಲ್ಲ ಅಲ್ವಾ ಸರ್? ತಿಳಿಸದಿದ್ದರೆ ಹೊಸ ಪದ್ಧತಿಯೇ ಲೆಕ್ಕ. ಈಗ ವರ್ಷದ ಮಧ್ಯೆ ಬದಲಿಸಲಿಕ್ಕೆ ಆಗುವುದಿಲ್ಲ" ಎಂದರು ಆ ಮೇಡಂ.

ತಿಳಿಸದಿದ್ದರೆ ಹೊಸ ಪದ್ಧತಿ ಎಂದದ್ದು ಸರಿಯೇ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕಿದ್ದವರು ಬಾಯಿಬಿಟ್ಟು ಕೇಳಬೇಕು.

ಆ ಭಾನುವಾರ ಬಿಜೈಯಲ್ಲಿರುವ ಅಕ್ಕನ ಮನೆಗೆ ಹೋದೆ. ಭಾವ ಮೂವತ್ತು ವರ್ಷದಿಂದ ಹಂಪನಕಟ್ಟೆಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರು. ಮನೆಯಲ್ಲಿ ಯಾರಿಗೆ ತೆರಿಗೆಯ ಗೊಂದಲ ಬಂದರೂ ಅವರ ಬಳಿಯೇ ಹೋಗುವುದು. ನನ್ನ ಚೀಟಿಯನ್ನು ಕನ್ನಡಕ ಮೇಲೆತ್ತಿ ನೋಡಿದರು.

"ಹೆದರುವುದು ಬೇಡ ಮಾರಾಯ. ಅವರು ಹಿಡಿಯುವುದು ಹಿಡಿಯಲಿ. ರಿಟರ್ನ್ ಹಾಕುವಾಗ ನೀನು ಹಳೇ ಪದ್ಧತಿ ಆರಿಸಿಕೊಳ್ಳಬಹುದು. ಸಂಬಳದವರಿಗೆ ಪ್ರತಿ ವರ್ಷ ಆ ಅವಕಾಶ ಉಂಟು. ಕೊನೆಯ ದಿನಾಂಕದ ಒಳಗೆ ಹಾಕಬೇಕು, ಅಷ್ಟೇ."

ಆಮೇಲೆ ಅವರ ಬೆರಳು ಯೂನಿಫಾರ್ಮ್ ಅಲೋವೆನ್ಸ್ ಸಾಲಿನ ಮೇಲೆ ನಿಂತಿತು. "ಇದಕ್ಕೆ ಬಿಲ್ ಇಟ್ಟಿದ್ದೀಯಾ?"

ಇಟ್ಟಿರಲಿಲ್ಲ. ಆ ಹೆಸರಿನಲ್ಲಿ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ ಅಂತಷ್ಟೇ ಯಾರೋ ಹೇಳಿದ್ದು ಕೇಳಿದ್ದೆ. ಹಾಗಲ್ಲ ಎಂದರು ಭಾವ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(14)(ಐ), ಅದರ ಜೊತೆಗೆ ನಿಯಮ 2ಬಿಬಿ. ಕೆಲಸದ ಹೊತ್ತಿನಲ್ಲಿ ಹಾಕುವ ಯೂನಿಫಾರ್ಮ್ ಕೊಳ್ಳುವುದಕ್ಕೆ ಅಥವಾ ಅದನ್ನು ಚೆನ್ನಾಗಿ ಇಟ್ಟುಕೊಳ್ಳುವುದಕ್ಕೆ ಕೊಟ್ಟ ಭತ್ಯೆಗೆ ವಿನಾಯಿತಿ ಇದೆ. ಆದರೆ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ. ವರ್ಷಕ್ಕೆ 24,000 ಬಂದು 10,000 ಖರ್ಚಾಗಿದ್ದರೆ ವಿನಾಯಿತಿ 10,000. ಉಳಿದ 14,000 ಸಂಬಳದ ಜೊತೆ ಸೇರುತ್ತದೆ. ಬಂದದ್ದಕ್ಕಿಂತ ಜಾಸ್ತಿ ಖರ್ಚಾದರೆ ಆ ಜಾಸ್ತಿಗೆ ಏನೂ ಇಲ್ಲ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ.

"ಒಗೆಯುವ ಖರ್ಚು?" ಅಂತ ಕೇಳಿದೆ.

"ಒಗೆಯುವುದು, ಇಸ್ತ್ರಿ, ರಿಪೇರಿ ಎಲ್ಲ ನಿರ್ವಹಣೆಯೇ. ಬಿಲ್ ಬೇಕು."

ಅಕ್ಕ ಒಳಗಿನಿಂದ ಚಹಾ ತಂದವಳು ಕೇಳಿಸಿಕೊಂಡು ನಕ್ಕಳು. "ಅವನ ಮನೆಯಲ್ಲಿ ಒಗೆಯುವವಳು ಬಿಲ್ ಕೊಟ್ಟಾಳಾ?"

ಭಾವ ನಗಲಿಲ್ಲ. "ಮನೆಯಲ್ಲಿ ಒಗೆದದ್ದಕ್ಕೆ ಹಣ ಕೊಟ್ಟಿಲ್ಲ. ಖರ್ಚೇ ಇಲ್ಲ. ಸೋಪಿನ ಬಿಲ್ಲಿನಲ್ಲಿ ಯೂನಿಫಾರ್ಮಿನ ಪಾಲೆಷ್ಟು, ಸೀರೆಯ ಪಾಲೆಷ್ಟು ಅಂತ ಹೇಗೆ ತೋರಿಸುತ್ತೀಯಾ? ಅದನ್ನು ಬಿಡು" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ. ಖರ್ಚೇ ಇಲ್ಲ.

ಆ ಜೂನಿನಲ್ಲಿ ಇನ್ನೊಂದು ಆಯಿತು. ಹೆಂಡತಿಯ ಬಲಗೈ ಮಣಿಕಟ್ಟಿಗೆ ನೋವು ಶುರುವಾಗಿ, ಡಾಕ್ಟರು ಬಟ್ಟೆ ಹಿಂಡುವ ಕೆಲಸ ಕೆಲವು ತಿಂಗಳು ಬೇಡವೇ ಬೇಡ ಎಂದರು. ಜೊತೆಗೆ ಮಳೆಗಾಲ. ನಮ್ಮ ಕರಾವಳಿಯ ಮಳೆಯಲ್ಲಿ ದಪ್ಪ ಬಟ್ಟೆಯ ಪ್ಯಾಂಟು ಒಣಗಲು ಮೂರು ದಿನ ಸಾಲುವುದಿಲ್ಲ. ಜಗಲಿಯಲ್ಲಿ ಹಗ್ಗ ಕಟ್ಟಿ, ರಾತ್ರಿಯಿಡೀ ಫ್ಯಾನ್ ಹಾಕಿ, ಕೊನೆಗೆ ಬಚ್ಚಲ ಒಲೆಯ ಮೇಲೆ ಹರಡಿದರೂ ಸೊಂಟಪಟ್ಟಿಯ ಒಳಗೆ ತೇವ ಉಳಿಯುತ್ತದೆ. ಹಾಕಿಕೊಂಡು ಅರ್ಧ ಗಂಟೆಯಲ್ಲಿ ಬೂಸ್ಟಿನ ವಾಸನೆ. ಹೀಗಾಗಿ ಯೂನಿಫಾರ್ಮ್ ಲಾಂಡ್ರಿಗೆ ಕೊಡುವುದೆಂದು ನಿರ್ಧಾರವಾಯಿತು. ತೆರಿಗೆಗಾಗಿ ಮಾಡಿದ್ದಲ್ಲ. ಆದರೆ ಬಿಲ್ ಹುಟ್ಟಿದ್ದು ಅಲ್ಲಿಂದಲೇ.

ಲಾಂಡ್ರಿ ನಮ್ಮ ಓಣಿಯ ತುದಿಯಲ್ಲಿ, ತಗಡಿನ ಮಾಡಿನ ಸಣ್ಣ ಅಂಗಡಿ. ಅಂಗಡಿಯ ಅಣ್ಣ ಈಗಲೂ ಕೆಂಡದ ಇಸ್ತ್ರಿಪೆಟ್ಟಿಗೆಯನ್ನೇ ಹಿಡಿಯುವವರು. ತೆಂಗಿನ ಗೆರಟೆಯ ಕೆಂಡ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ, ಶಾಖವೂ ಹದವಾಗಿ ಇರುತ್ತದೆ ಅಂತ ಅವರ ನಂಬಿಕೆ. ಒಗೆದು ಇಸ್ತ್ರಿ ಮಾಡಿ ಒಂದು ಜೊತೆಗೆ 60 ರೂಪಾಯಿ. ಬರೀ ಇಸ್ತ್ರಿಯಾದರೆ 20. ಮೊದಲ ಸಲ ಬಿಲ್ ಕೇಳಿದಾಗ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನನ್ನ ಮುಖವನ್ನೇ ನೋಡಿದರು.

"ಬಿಲ್ ದಾಯೆಗ್?"

ಬಿಲ್ ಯಾಕೆ ಅಂತ. ಅವರ ಪ್ರಶ್ನೆಯಲ್ಲಿ ಸ್ವಲ್ಪ ಅನುಮಾನವೂ ಇತ್ತು. ಅಷ್ಟು ಸಣ್ಣ ಅಂಗಡಿಗೆ ಕಾಗದ ಅಂದರೆ ಯಾವುದೋ ಆಫೀಸಿನ ತೊಂದರೆ ಅಂತಲೇ ಅರ್ಥ. ನನ್ನ ಸಂಬಳದ ಲೆಕ್ಕಕ್ಕೆ ಮಾತ್ರ ಬೇಕು, ನಿಮಗೆ ಅದರಿಂದ ಏನೂ ತೊಂದರೆ ಇಲ್ಲ ಅಂತ ಬಿಡಿಸಿ ಹೇಳಿದೆ. ಮರುದಿನ ಪೇಟೆಯಿಂದ ಒಂದು ಸಣ್ಣ ರಸೀದಿ ಪುಸ್ತಕ ತಂದೆ, ಕೆಳಗೆ ಕಾರ್ಬನ್ ಇಟ್ಟು ಬರೆಯುವಂಥದ್ದು. ಅಂಗಡಿಯ ಹೆಸರಿನ ರಬ್ಬರ್ ಸ್ಟಾಂಪು ಅವರ ಬಳಿಯೇ ಇತ್ತು. ವಾರಕ್ಕೊಮ್ಮೆ ಬರೆಯೋಣ ಅಂತ ಆಯಿತು. ದಿನಾಂಕ, ನನ್ನ ಹೆಸರು, ಎಷ್ಟು ಜೊತೆ, ಎಷ್ಟು ಹಣ, ಅವರ ಸಹಿ. "ಕಂಪನಿ ಯೂನಿಫಾರ್ಮ್" ಎಂದು ಬರೆಯಿರಿ ಅಂತ ಕೇಳಿಕೊಂಡೆ. ಸುಮ್ನೆ "ಬಟ್ಟೆ" ಅಂತ ಬರೆದರೆ ಯಾರ ಬಟ್ಟೆ, ಎಂಥ ಬಟ್ಟೆ ಅಂತ ಗೊತ್ತಾಗುವುದಿಲ್ಲ.

ಅವರ ಅಕ್ಷರ ಬಹಳ ಚಂದ. "ನೀಲಿ 6 ಜೊತೆ, ಕಂಪನಿ ಯೂನಿಫಾರ್ಮ್" ಎಂದು ಒಂದೊಂದೇ ಅಕ್ಷರ ಬಿಡಿಸಿ ಬರೆಯುತ್ತಿದ್ದರು. ಬರೆದು ಮುಗಿದ ಮೇಲೆ ಅದರ ಮೇಲೆ ಒಮ್ಮೆ ಊದುತ್ತಿದ್ದರು, ಶಾಯಿ ಒಣಗಲಿ ಅಂತ.

ಅದೇ ತಿಂಗಳು ಮೂರು ಜೊತೆ ಹೊಸದು ಹೊಲಿಸಿದೆ. ಸುರತ್ಕಲ್‌ನಲ್ಲಿ ಬಟ್ಟೆ ತೆಗೆದು ಅಲ್ಲೇ ಟೈಲರಿಗೆ ಕೊಟ್ಟದ್ದು. ಶರ್ಟಿನ ಬಟ್ಟೆ 420, ಹೊಲಿಗೆ 380. ಪ್ಯಾಂಟಿನ ಬಟ್ಟೆ 560, ಹೊಲಿಗೆ 480. ಲೋಗೋ ಹಾಕಿಸಲು 60. ಒಂದು ಜೊತೆಗೆ 1,900, ಮೂರಕ್ಕೆ 5,700. ಬಟ್ಟೆ ಅಂಗಡಿಯ ಬಿಲ್ ಆ ನುಣುಪು ಕಾಗದದ್ದು, ಮಿಷಿನಿನಿಂದ ಬರುವಂಥದ್ದು. ಅದರ ಮೇಲೆ ಅಕ್ಷರ ನಿಲ್ಲುವುದಿಲ್ಲ. ಎರಡು ತಿಂಗಳು ಕಳೆದು ನೋಡಿದರೆ ಮೊತ್ತ ಇದ್ದ ಜಾಗ ಬೂದು ಬಣ್ಣ. ಪುಣ್ಯಕ್ಕೆ ಅಂಗಡಿಯಿಂದ ಹೊರಬಂದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಹಣವನ್ನೂ ಯುಪಿಐನಲ್ಲಿ ಕೊಟ್ಟಿದ್ದರಿಂದ ಬ್ಯಾಂಕಿನ ಲೆಕ್ಕದಲ್ಲೂ ಅದೇ ಮೊತ್ತ ಇದೆ. ಈ ಕೆಲಸಕ್ಕೆ ಇಳಿಯುವವರು ಫೋಟೋ ಮಾತ್ರ ತಪ್ಪಿಸಬೇಡಿ.

ಆ ಬಿಲ್ಲಿನ ಜೊತೆ ಒಂದು ಕಪ್ಪು ಪ್ಯಾಂಟಿನ ಬಿಲ್ಲೂ ಇತ್ತು. ಮೀಟಿಂಗಿಗೆ, ಆಡಿಟ್ ದಿನಕ್ಕೆ ಅಂತ ತೆಗೆದದ್ದು. ಅದನ್ನೂ ಸೇರಿಸಬಹುದಾ ಅಂತ ಭಾವನನ್ನು ಕೇಳಿದೆ.

"ಅದನ್ನು ಹಾಕಿಕೊಂಡು ಮದುವೆಗೆ ಹೋಗಬಹುದಾ?"

"ಹೋಗಬಹುದು."

"ಹಾಗಾದರೆ ಯೂನಿಫಾರ್ಮ್ ಅಲ್ಲ."

ಕಂಪನಿ ಹೀಗೆಯೇ ಇರಬೇಕು ಅಂತ ಗೊತ್ತುಮಾಡಿದ ಬಟ್ಟೆ ಮಾತ್ರ ಲೆಕ್ಕಕ್ಕೆ. ಕೆಲಸಕ್ಕೆ ಹಾಕುವ ಒಳ್ಳೆಯ ಬಟ್ಟೆ ಬೇರೆ, ಯೂನಿಫಾರ್ಮ್ ಬೇರೆ. ಕಪಾಟಿನಲ್ಲಿದ್ದ ಆ ಪತ್ರಕ್ಕೆ ಬೆಲೆ ಬಂದದ್ದು ಇಲ್ಲಿ. ಬಣ್ಣ, ಬಟ್ಟೆ, ಲೋಗೋ, ಶುಚಿಯಾಗಿಡುವುದು, ತಿಂಗಳಿಗೆ 2,000, ಎಲ್ಲ ಅದರಲ್ಲಿ ಬರೆದಿತ್ತು. ಸೇಫ್ಟಿ ಶೂ ಕಂಪನಿಯೇ ಕೊಡುವುದರಿಂದ ಅದರ ಮಾತೇ ಇಲ್ಲ.

ಆಗಸ್ಟಿನಲ್ಲಿ ಒಂದು ನಷ್ಟವಾಯಿತು. ಆ ತಿಂಗಳ ರಸೀದಿಗಳನ್ನು ಸ್ಕೂಟರಿನ ಸೀಟಿನ ಕೆಳಗೆ ಇಟ್ಟಿದ್ದೆ. ಬೈಕಂಪಾಡಿಯಿಂದ ಹೆದ್ದಾರಿಯಲ್ಲಿ ಬರುವಾಗ ಸುರಿದ ಮಳೆಗೆ ಒಳಗೆ ನೀರು ಹೋಗಿ ನಾಲ್ಕೂ ಚೀಟಿ ಮುದ್ದೆಯಾದವು. ಶಾಯಿ ಹರಡಿ ಬರೀ ನೀಲಿ. ಅವುಗಳ ಫೋಟೋ ತೆಗೆದಿರಲಿಲ್ಲ. ಅಣ್ಣನ ಕಾರ್ಬನ್ ಪ್ರತಿ ಇರಬೇಕಿತ್ತು, ಆದರೆ ಆ ಪುಸ್ತಕ ಮುಗಿದು ಕೆಂಡ ಹೊತ್ತಿಸಲು ಹೋಗಿತ್ತು. ಹೊಸದಾಗಿ ಹಳೇ ದಿನಾಂಕ ಹಾಕಿ ಬರೆದುಕೊಡಲಾ ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಭಾವ ಫೋನಿನಲ್ಲಿ ಬೇಡ ಎಂದರು. ಹಿಂದಿನ ದಿನಾಂಕ ಹಾಕಿ ಬರೆದ ರಸೀದಿ ಅಂದರೆ ಖರ್ಚು ನಿಜವಾದರೂ ಕಾಗದ ಸುಳ್ಳು. 25 ಜೊತೆ, 1,500 ರೂಪಾಯಿ ಬಿಟ್ಟುಬಿಟ್ಟೆ.

ಅಷ್ಟರಲ್ಲಿ ಕ್ಯಾಂಟೀನಿನಲ್ಲಿ ಬೇರೆ ಮಾತೂ ಕೇಳಿಬಂತು. ಪೂರಾ 24,000ಕ್ಕೆ ಬಿಲ್ ಮಾಡಿಸಿಕೊಡುವವರು ಇದ್ದಾರೆ, ನೂರಕ್ಕೆ ಇಷ್ಟು ಕೊಟ್ಟರೆ ಸಾಕು ಅಂತ. ನನಗೆ ಅದು ಬೇಡವೆನಿಸಿತು. ಸುಳ್ಳು ಲೆಕ್ಕ ಕೊಟ್ಟು ಸಿಕ್ಕಿಬಿದ್ದರೆ ಉಳಿಸಿದ ತೆರಿಗೆಯ ಎರಡು ಪಟ್ಟು ದಂಡ ಹಾಕಲು ಸೆಕ್ಷನ್ 270ಎ ಇದೆ. ದಂಡ ಇಲ್ಲದಿದ್ದರೂ ಬೇಡ. ಹೊಗೆಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಾ ಬಿಡಿಸಿ ಬರೆದ ಆ ಚೀಟಿಗಳ ಪಕ್ಕ ಇಂಥದ್ದೊಂದನ್ನು ಇಡಲು ನನಗೆ ಕೈ ಬರುವುದಿಲ್ಲ.

ಅಕ್ಟೋಬರಿನಲ್ಲಿ ಬಿಸಿಲು ಬಂತು. ಹೆಂಡತಿಯ ಕೈಯೂ ಸುಧಾರಿಸಿತು. ಲಾಂಡ್ರಿಯ ಖರ್ಚು ಯಾಕೆ ಅಂತ ಅವಳೇ ಮತ್ತೆ ಕಲ್ಲಿನ ಬಳಿ ಹೋದಳು, ಬೇಡವೆಂದರೂ ಕೇಳಲಿಲ್ಲ. ಹಿಂಡುವ ಕೆಲಸ ಮಾತ್ರ ನನ್ನದು ಅಂತ ಮಾಡಿಕೊಂಡೆವು. ಇಸ್ತ್ರಿ ಅಂಗಡಿಯಲ್ಲೇ ಮುಂದುವರಿಯಿತು. ಮಾರ್ಚ್ ಕೊನೆಯವರೆಗೆ ಆ ರಸೀದಿಗಳೂ ಸೇರಿದವು.

ಒಂದು ರಾತ್ರಿ ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂತೆ. ಹೊಲಿಗೆ 5,700. ಜೂನ್, ಜುಲೈ, ಸೆಪ್ಟೆಂಬರ್ ಮೂರು ತಿಂಗಳ ಲಾಂಡ್ರಿ 4,500. ಆರು ತಿಂಗಳ ಇಸ್ತ್ರಿ, ತಿಂಗಳಿಗೆ 500ರಂತೆ 3,000. ಒಟ್ಟು 13,200.

ಹೆಂಡತಿ ಪಾತ್ರೆ ಒರೆಸುತ್ತಾ ಬಂದು ನೋಡಿದಳು. "ನಾನು ಒಗೆದದ್ದು ಯಾವ ಸಾಲಿನಲ್ಲಿ ಉಂಟು?"

ಇಲ್ಲ ಎಂದೆ.

"ಮಳೆಗಾಲದ ನಾಲ್ಕು ತಿಂಗಳು ಅವರು ಒಗೆದದ್ದಕ್ಕೆ ಲೆಕ್ಕ ಉಂಟು, ನಾನು ಹನ್ನೆರಡು ವರ್ಷ ಒಗೆದದ್ದಕ್ಕೆ ಇಲ್ವಾ?"

ಕೋಪದಿಂದ ಕೇಳಿದ್ದಲ್ಲ. ನಿಜಕ್ಕೂ ತಿಳಿಯಬೇಕು ಅಂತ ಕೇಳಿದ್ದು. ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಮಲಗುವ ಮುಂಚೆ ಮನಸ್ಸಿನಲ್ಲೇ ಗುಣಿಸಿದೆ. ತಿಂಗಳಿಗೆ 25 ಜೊತೆ, ವರ್ಷಕ್ಕೆ 300, ಹನ್ನೆರಡು ವರ್ಷಕ್ಕೆ 3,600 ಜೊತೆ. ಒಂದಕ್ಕೆ ಇಪ್ಪತ್ತು ನಿಮಿಷ. 1,200 ಗಂಟೆ.

ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ನಮ್ಮ ಕಡೆಯ ಮಕ್ಕಳು ಎಷ್ಟೋ ಮಂದಿ ಹಾಗೆ ಹೋಗಿದ್ದಾರೆ. ವಾಟ್ಸಾಪಿನಲ್ಲಿ ಮಾತಾಡುವಾಗ ಈ ವಿಷಯ ಬಂತು. "ಅಣ್ಣ, ಇಲ್ಲಿ ನಮಗೆ ಬಿಲ್ಲೇ ಬೇಡ" ಎಂದಳು. ಅಲ್ಲಿ ಯೂನಿಫಾರ್ಮನ್ನು ತಾವೇ ಮನೆಯಲ್ಲಿ ಒಗೆದುಕೊಳ್ಳುವವರಿಗೆ, ಆಸ್ಪತ್ರೆ ಅದಕ್ಕೆ ಹಣ ಕೊಡದಿದ್ದರೆ, ಒಂದು ನಿಗದಿ ಮೊತ್ತವನ್ನು ಆದಾಯದಿಂದ ಕಳೆಯುತ್ತಾರೆ. ಸಾಮಾನ್ಯ ಕೆಲಸಗಾರರಿಗೆ ವರ್ಷಕ್ಕೆ 60 ಪೌಂಡ್, ನರ್ಸುಗಳಿಗೆ 125. ಕೈಗೆ ಬರುವುದು ಜಾಸ್ತಿಯೇನಲ್ಲ. 20 ಶೇಕಡಾ ತೆರಿಗೆ ಕಟ್ಟುವವರಿಗೆ 125 ಪೌಂಡಿನ ಮೇಲೆ 25 ಪೌಂಡ್ ಉಳಿಯುತ್ತದೆ. ಹಿಂದಿನ ನಾಲ್ಕು ವರ್ಷದ್ದನ್ನೂ ಕೇಳಬಹುದಂತೆ. ಸಣ್ಣ ಮೊತ್ತವೇ. ಆದರೂ ಮನೆಯಲ್ಲಿ ಒಗೆಯುವುದೂ ಕೆಲಸಕ್ಕೆ ಸೇರಿದ್ದು ಅಂತ ಒಪ್ಪಿ ಒಂದು ಬೆಲೆ ಕಟ್ಟಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು. ಇದನ್ನು ಹೆಂಡತಿಗೂ ಹೇಳಿದೆ.

ನಮ್ಮಲ್ಲಿ ಅಂಥದ್ದಿಲ್ಲ. ಅಷ್ಟೇ ಅಲ್ಲ, ಸಂಬಳದ ಚೀಟಿಯಲ್ಲಿ ಯೂನಿಫಾರ್ಮಿಗೆ ಅಂತ ಭತ್ಯೆ ಇಲ್ಲದಿದ್ದರೆ ಬಿಲ್ ಎಷ್ಟಿದ್ದರೂ ಏನೂ ಕಳೆಯಲು ಬರುವುದಿಲ್ಲ. ನಮ್ಮದೇ ಕಾರ್ಖಾನೆಯಲ್ಲಿ ಒಬ್ಬ ಹುಡುಗ ಗುತ್ತಿಗೆ ಕಂಪನಿಯ ಕಡೆಯಿಂದ ಬರುತ್ತಾನೆ, ಎಂಜಿನಿಯರ್. ಅವನೂ ಅದೇ ನೀಲಿ ಬಟ್ಟೆ ತನ್ನ ದುಡ್ಡಿನಲ್ಲಿ ಹೊಲಿಸುವುದು. ಅವನ ಚೀಟಿಯಲ್ಲಿ ಮೂಲ ಸಂಬಳ, ಮನೆ ಬಾಡಿಗೆ ಭತ್ಯೆ, ಮತ್ತೆ "ಇತರೆ". ಅವನಿಗೆ ಸಂಬಳದವರೆಲ್ಲರಿಗೂ ಬಿಲ್ ಇಲ್ಲದೆ ಕಳೆಯಲು ಸಿಗುವ ನಿಗದಿ ಮೊತ್ತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಬಿಟ್ಟರೆ ಬಟ್ಟೆಯ ಹೆಸರಿನಲ್ಲಿ ಬೇರೆ ಏನೂ ಇಲ್ಲ. ಕೆಲಸಕ್ಕೆ ಸೇರುವಾಗಲೇ ಚೀಟಿಯಲ್ಲಿ ಆ ಸಾಲು ಹಾಕಿಸಿಕೊಳ್ಳಲು ಕೇಳು ಅಂತ ಅವನಿಗೆ ಹೇಳಿದ್ದೇನೆ.

2025ರ ಜನವರಿಯಲ್ಲಿ ಆಫೀಸಿನವರು ದಾಖಲೆ ಕೇಳಿದಾಗ ಬಿಲ್‌ಗಳನ್ನು ಕೊಟ್ಟು ನೋಡಿದೆ. ನೀವು ಹೊಸ ಪದ್ಧತಿಯಲ್ಲಿದ್ದೀರಿ, ನಾವು ತೆಗೆದುಕೊಳ್ಳುವಂತಿಲ್ಲ ಎಂದು ವಾಪಸು ಕೊಟ್ಟರು. ಜೂನ್ ಮಧ್ಯದಲ್ಲಿ ಫಾರ್ಮ್ 16 ಬಂತು, ವರ್ಷದ ಸಂಬಳ ಮತ್ತು ಹಿಡಿದ ತೆರಿಗೆಯ ಲೆಕ್ಕ ಇರುವ ಪತ್ರ. ಒಟ್ಟು ಸಂಬಳ 9,60,000. ಅದರಲ್ಲಿ ಯೂನಿಫಾರ್ಮಿನ 24,000ವೂ ಪೂರ್ತಿ ಸೇರಿದೆ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 8,85,000. ತೆರಿಗೆ 38,500, ಅದರ ಮೇಲೆ ಹಾಕುವ ಸೆಸ್ ಸೇರಿ 40,040. ಶುರುವಿನಲ್ಲಿ ತಿಂಗಳಿಗೆ 4,030 ಹಿಡಿಯುತ್ತಿದ್ದದ್ದು 2024ರ ಜುಲೈ ಬಜೆಟ್ಟಿನಲ್ಲಿ ಹೊಸ ಪದ್ಧತಿಯ ಹಂತಗಳು ಬದಲಾದ ಮೇಲೆ ಕಡಿಮೆಯಾಗಿ, ಅಷ್ಟಕ್ಕೆ ನಿಂತಿತ್ತು.

ಹಳೇ ಪದ್ಧತಿಯ ಲೆಕ್ಕವನ್ನು ಭಾವನ ಎದುರು ಕೂತು ಬರೆದೆ. 9,60,000ದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ 50,000. ವೃತ್ತಿ ತೆರಿಗೆ 2,400. ಮನೆ ಸಾಲದ ಬಡ್ಡಿ 2,00,000. ಉಳಿತಾಯಕ್ಕೆ ಕಡಿತ ಕೊಡುವ ಸೆಕ್ಷನ್ 80ಸಿಯಲ್ಲಿ ಪಿಎಫ್, ಎಲ್‌ಐಸಿ, ಸಾಲದ ಅಸಲು ಸೇರಿ 1,50,000. ನಮ್ಮ ಮತ್ತು ಅಪ್ಪ ಅಮ್ಮನ ಆರೋಗ್ಯ ವಿಮೆ 45,000. ಉಳಿದದ್ದು 5,12,600.

ಭಾವ ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದರು. "ಇಲ್ಲಿ ನೋಡು. ಐದು ಲಕ್ಷದ ಗಡಿಯಿಂದ 12,600 ಮೇಲೆ ಇದ್ದೀಯಾ."

ಹಳೇ ಪದ್ಧತಿಯಲ್ಲಿ ತೆರಿಗೆಗೆ ಸಿಗುವ ಆದಾಯ 5 ಲಕ್ಷ ದಾಟದಿದ್ದರೆ ಸೆಕ್ಷನ್ 87ಎ ಅಡಿ 12,500ರವರೆಗೆ ರಿಯಾಯಿತಿ. ತೆರಿಗೆ ಸೊನ್ನೆ. ಒಂದು ನೂರು ರೂಪಾಯಿ ದಾಟಿದರೂ ಆ ರಿಯಾಯಿತಿ ಪೂರ್ತಿ ಹೋಗುತ್ತದೆ. 5,12,600ಕ್ಕೆ ಸೆಸ್ ಸೇರಿ 15,620 ಕಟ್ಟಬೇಕು. ಯೂನಿಫಾರ್ಮಿನ 13,200 ಕಳೆದರೆ 4,99,400. ಸೊನ್ನೆ.

600 ರೂಪಾಯಿಯ ಅಂತರ. ಹತ್ತು ಜೊತೆ ಬಟ್ಟೆ ಒಗೆಸಿದ ಹಣ. ಇನ್ನೊಂದು ಎರಡು ವಾರದ ಚೀಟಿ ಮಳೆಗೆ ಹೋಗಿದ್ದರೆ 15,620 ಕೈಬಿಟ್ಟು ಹೋಗುತ್ತಿತ್ತು. ನಾನು ಎರಡು ಸಲ ಕೂಡಿಸಿ ನೋಡಿದೆ. ಭಾವ ಒಮ್ಮೆ ಕೂಡಿಸಿದರು. ಉಳಿತಾಯ ಖಾತೆಯ ಬಡ್ಡಿ 10,000ದ ಒಳಗಿತ್ತು, ಅದು ಆ ಬಡ್ಡಿಗೆಂದೇ ಇರುವ ಸೆಕ್ಷನ್ 80ಟಿಟಿಎಯಲ್ಲಿ ಅಷ್ಟಕ್ಕಷ್ಟೇ ಕಳೆದುಹೋಯಿತು. ಆ ಬಡ್ಡಿ ಸ್ವಲ್ಪ ಜಾಸ್ತಿ ಬಂದಿದ್ದರೂ ಗಡಿ ದಾಟುತ್ತಿದ್ದೆವು. ಆದ್ದರಿಂದ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ಎಐಎಸ್, ಅಂದರೆ ನಮ್ಮ ಆದಾಯದ ಬಗ್ಗೆ ಅವರ ಬಳಿ ಇರುವ ಮಾಹಿತಿಯ ಪಟ್ಟಿ, ತೆರೆದು ಒಂದೊಂದು ಬ್ಯಾಂಕಿನ ಬಡ್ಡಿಯನ್ನೂ ತಾಳೆ ನೋಡಿದೆವು.

ಆ ವರ್ಷ ರಿಟರ್ನಿನ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು. ನಾವು ಆಗಸ್ಟ್ ಮೊದಲ ಭಾನುವಾರ ಕೂತೆವು. ನನ್ನಂಥ ಸಂಬಳದವರ ರಿಟರ್ನ್ ಫಾರ್ಮ್ ಐಟಿಆರ್-1. ಹೊಸ ಪದ್ಧತಿಯಿಂದ ಹೊರಗೆ ಬರುತ್ತೀರಾ ಅಂತ ಶುರುವಿನಲ್ಲೇ ಕೇಳುತ್ತದೆ. ಹೌದು ಎಂದು ಒತ್ತಬೇಕು. ವ್ಯಾಪಾರದ ಆದಾಯ ಇದ್ದವರಿಗೆ ಬೇರೆ ಫಾರ್ಮ್ ಇದೆ, ಸಂಬಳದವರಿಗೆ ಇಷ್ಟೇ ಸಾಕು. ಸಂಬಳದ ಅಂಕಿಗಳು ಮೊದಲೇ ತುಂಬಿರುತ್ತವೆ. ಅದರ ಕೆಳಗೆ ವಿನಾಯಿತಿ ಇರುವ ಭತ್ಯೆಗಳು ಅಂತ ಒಂದು ಜಾಗ. ಫಾರ್ಮ್ 16ರಲ್ಲಿ ಇಲ್ಲದ್ದರಿಂದ ಅದು ಖಾಲಿ ಇತ್ತು. ಪಟ್ಟಿಯಲ್ಲಿ 10(14)(ಐ) ಹುಡುಕಿ 13,200 ಹಾಕಿದೆ. 24,000 ಅಲ್ಲ. ವೃತ್ತಿ ತೆರಿಗೆಯನ್ನೂ ನಾವೇ ತುಂಬಬೇಕಾಯಿತು. ಮನೆ ಸಾಲಕ್ಕೆ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ವಿಮೆಗೆ ಪಾಲಿಸಿ ಸಂಖ್ಯೆ ಎಲ್ಲ ಆ ಸಲ ಕೇಳಿತು. ಅವನ್ನು ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಂಡು ಕೂರುವುದು ಒಳ್ಳೆಯದು.

ಯೂನಿಫಾರ್ಮಿನ ಬಿಲ್ ಎಲ್ಲಿಯೂ ಲಗತ್ತಿಸಬೇಕಾಗಿಲ್ಲ. ಲಗತ್ತಿಸಲು ಜಾಗವೂ ಇಲ್ಲ. ಆದರೆ ಫಾರ್ಮ್ 16ಕ್ಕೂ ರಿಟರ್ನಿಗೂ ವ್ಯತ್ಯಾಸ ಇರುವಾಗ ಯಾವತ್ತಾದರೂ ಕೇಳಬಹುದು, ಕೇಳಿದ ದಿನ ಹುಡುಕುವಂತೆ ಆಗಬಾರದು ಎಂದರು ಭಾವ. ಕಂಪನಿಯ ಪತ್ರ ಮೇಲೆ, ಹನ್ನೆರಡು ತಿಂಗಳ ಸಂಬಳದ ಚೀಟಿ ಅದರ ಕೆಳಗೆ, ಆಮೇಲೆ ತಿಂಗಳವಾರು ರಸೀದಿಗಳು. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಕಪಾಟಿನ ಮೇಲಿನ ಅರೆಯಲ್ಲಿಟ್ಟಿದ್ದೇನೆ, ತೇವ ಮುಟ್ಟದ ಹಾಗೆ. ಫೋಟೋಗಳ ಒಂದು ಪ್ರತಿ ಮಗಳ ಲ್ಯಾಪ್‌ಟಾಪಿನಲ್ಲಿದೆ. ಕೊನೆಗೆ ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡಿದೆವು. ಅದನ್ನು 30 ದಿನದೊಳಗೆ ಮಾಡಬೇಕು, ಮಾಡದೇ ಬಿಟ್ಟರೆ ರಿಟರ್ನ್ ಹಾಕಿದ್ದಕ್ಕೆ ಅರ್ಥವಿಲ್ಲ.

ಸೆಪ್ಟೆಂಬರ್ ಎರಡನೇ ವಾರ ಮೊಬೈಲಿಗೆ ಸಂದೇಶ ಬಂತು. ಖಾತೆಗೆ 41,240 ರೂಪಾಯಿ. ಹಿಡಿದ 40,040ರ ಜೊತೆ ತಿಂಗಳಿಗೆ ಅರ್ಧ ಶೇಕಡಾದಂತೆ ಏಪ್ರಿಲ್‌ನಿಂದ ಆರು ತಿಂಗಳ ಬಡ್ಡಿ 1,200. ಆ ಬಡ್ಡಿಯನ್ನು ಮುಂದಿನ ವರ್ಷದ ಆದಾಯದಲ್ಲಿ ತೋರಿಸಬೇಕು, ಅದನ್ನೂ ಫೈಲಿನ ಮೇಲೆ ಬರೆದಿಟ್ಟೆ.

ಮುಂದಿನ ವರ್ಷಕ್ಕೆ ನನ್ನ ಲೆಕ್ಕವೇ ಬದಲಾಗಿದೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ, ಸಂಬಳದವರಿಗೆ 75,000 ಸೇರಿಸಿ 12,75,000ದವರೆಗೆ. ನನಗೆ ಬಿಲ್ ಇಲ್ಲದೆಯೇ ಸೊನ್ನೆ. ಏಪ್ರಿಲ್‌ನಲ್ಲಿ ಮೇಲ್ ಬಂದ ದಿನವೇ ಹೊಸದು ಎಂದು ಉತ್ತರ ಬರೆದೆ. ನನಗಿಂತ ಜಾಸ್ತಿ ಸಂಬಳ, ಮನೆ ಸಾಲ, ಬಾಡಿಗೆ ಎಲ್ಲ ಇರುವವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿಯೇ ನೋಡಬೇಕು. ಅಂಥವರಿಗೆ ಈ ರಸೀದಿಗಳು ಈಗಲೂ ಬೇಕಾಗಬಹುದು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗದಲ್ಲಿ ಹೊಸ ಕಾಯ್ದೆ, ಸೆಕ್ಷನ್ ಸಂಖ್ಯೆಗಳೂ ಬೇರೆ. ಆದ್ದರಿಂದ ನಾನು ಹೇಳಿದ ಸಂಖ್ಯೆ ಹಿಡಿದು ಮುಂದೆ ಹುಡುಕಬೇಡಿ.

ಆ 41,240 ಬಂದ ದಿನ ಸಂಜೆ ಲಾಂಡ್ರಿ ಅಣ್ಣನಿಗೆ ವಿಷಯ ಹೇಳಲು ಹೋದೆ. ನಿಮ್ಮ ಚೀಟಿಯಿಂದ ಇಷ್ಟು ಉಳಿಯಿತು ಅಂತ. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಪೂರ್ತಿ ಕೇಳಿದರು. ಇನ್ನು ಮುಂದೆ ಬರೆಯಬೇಕಾಗಿಲ್ಲ ಎಂದಾಗ, "ಇರಲಿ, ಬರೆದರೆ ನನಗೂ ಲೆಕ್ಕ ಸಿಗುತ್ತದೆ" ಎಂದರು.

ಈ ವರ್ಷ ಮಳೆ ನಿಂತ ಮೇಲೂ ಬಟ್ಟೆ ಅವರ ಬಳಿಗೇ ಹೋಗುತ್ತಿದೆ. ಒಂದು ಜೊತೆಗೆ 60 ರೂಪಾಯಿ, ತಿಂಗಳಿಗೆ 1,500. ಈ ಸಲ ಹೆಂಡತಿಯೂ ಬೇಡ ಅನ್ನಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಅವಳೀಗ ಹಪ್ಪಳ ಒಣಗಿಸುತ್ತಾಳೆ.